ಶಿರಸಿಯ ಕೆರೆಗಳಲ್ಲಿ ಮಳೆಗಾಲಕ್ಕೆ ಖಾಲಿ ಜಾಗವಿರಲಿ

ಸಂಪಾದಕರಿಗೆ,

ಮಾನ್ಯರೇ,

ಶಿರಸಿ ಪಟ್ಟಣದಲ್ಲಿ ಕೆಲವು ವರ್ಷಗಳಿಂದ ಕೆರೆಗಳ ಅಭಿವೃದ್ಧಿ ಕಾರ್ಯ ನಡೆದಿದೆ. ಹೂಳು ತೆಗೆಯಲಾಗುತ್ತಿದೆ, ದಂಡೆಗೆ ಕಲ್ಲು ಕಟ್ಟಲಾಗುತ್ತಿದೆ, ಏರಿಯ ಮೇಲೆ ನಡಿಗೆಯ ಹಾದಿ ಮತ್ತು ದೀಪ ಬರುತ್ತಿವೆ. ಕಸ ಸುರಿಯುವ ಜಾಗಗಳಾಗಿದ್ದ ಹೊಂಡಗಳಲ್ಲಿ ಮತ್ತೆ ನೀರು ಕಾಣುವಂತೆ ಮಾಡಿದ ನಾಗರಿಕರ ಶ್ರಮವನ್ನು ಹತ್ತಿರದಿಂದ ನೋಡಿದ್ದೇನೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅಭಿವೃದ್ಧಿಯಾದ ಕೆರೆ ಆರಿದ್ರಾ ಮಳೆಗೇ ಕೋಡಿಯವರೆಗೆ ತುಂಬಿ ನಿಂತರೆ ಮಾಡಿದ ಕೆಲಸ ಸಾರ್ಥಕವಾಯಿತೆಂದು ನಾವೆಲ್ಲರೂ ಭಾವಿಸುತ್ತಿದ್ದೇವೆ. ಈ ಭಾವನೆಯೇ ಊರಿಗೆ ಅಪಾಯ ತರುತ್ತಿದೆ ಎಂದು ಹೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಜೂನ್ ಕೊನೆಯಲ್ಲಿ ತುಂಬಿ ನಿಂತ ಕೆರೆಗೆ ಜುಲೈ ತಿಂಗಳ ದೊಡ್ಡ ಮಳೆಯನ್ನು ತಡೆದಿಟ್ಟುಕೊಳ್ಳಲು ಜಾಗವಿರುವುದಿಲ್ಲ. ಬಂದಷ್ಟೂ ನೀರನ್ನು ಅದು ಕೆಳಗಿನ ಕೇರಿಗೆ ದಾಟಿಸುತ್ತದೆ.

ನಾನು ಮೂವತ್ತೊಂದು ವರ್ಷ ಸಣ್ಣ ನೀರಾವರಿ ಕಾಮಗಾರಿಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಮನೆ ಪಟ್ಟಣದ ಒಂದು ಕೆರೆಯ ಏರಿಯ ಕೆಳಗಡೆಯೇ ಇದೆ. ಆ ಕೆರೆಯ ಕೋಡಿ ಮೊದಲು ಹನ್ನೆರಡು ಅಡಿ ಅಗಲದ ಕಲ್ಲುಹಾಸು ಆಗಿತ್ತು. ನೀರು ಅದರ ಮೇಲೆ ತೆಳ್ಳಗೆ ಹರಡಿ ಹಳ್ಳಕ್ಕೆ ಇಳಿಯುತ್ತಿತ್ತು. ಅಭಿವೃದ್ಧಿಯ ಹೊತ್ತಿನಲ್ಲಿ ನಡಿಗೆಯ ಹಾದಿ ಅಡ್ಡ ಬಂದುದರಿಂದ ಕೋಡಿಯ ಮೇಲೆ ಚಪ್ಪಡಿ ಹಾಕಿ, ಅದರ ಅಡಿಯಲ್ಲಿ ಎರಡಡಿ ವ್ಯಾಸದ ಎರಡು ಸಿಮೆಂಟ್ ಪೈಪುಗಳನ್ನು ಕೂರಿಸಿದರು. ಕೆರೆ ಇನ್ನಷ್ಟು ತುಂಬಿ ಕಾಣಲೆಂದು ಕೋಡಿಯ ಮಟ್ಟವನ್ನೂ ಒಂಬತ್ತು ಇಂಚು ಕಾಂಕ್ರೀಟಿನಿಂದ ಎತ್ತರಿಸಿದರು. ಆ ಎರಡು ಪೈಪುಗಳು ಹಳೆಯ ಕೋಡಿ ಸಾಗಿಸಬಲ್ಲ ನೀರಿನ ಮೂರನೆಯ ಒಂದು ಪಾಲನ್ನು ಕೂಡ ಸಾಗಿಸಲಾರವೆಂದು ಅಂದೇ ಲೆಕ್ಕ ಹಾಕಿ ಸಂಬಂಧಪಟ್ಟವರಿಗೆ ಬರೆದುಕೊಟ್ಟಿದ್ದೆ. ಉತ್ತರ ಬರಲಿಲ್ಲ.

ಕಳೆದ ಮಳೆಗಾಲದಲ್ಲಿ, ಪುನರ್ವಸು ಮಳೆಯ ಒಂದು ಸಂಜೆ ನಾಲ್ಕು ಗಂಟೆಗೆ ಕೆರೆಯ ಸೋಪಾನದಲ್ಲಿ ನೀರಿನ ಮೇಲೆ ನಾಲ್ಕು ಮೆಟ್ಟಿಲು ಕಾಣುತ್ತಿದ್ದವು. ಒಂದೊಂದು ಮೆಟ್ಟಿಲು ಏಳು ಇಂಚು. ಕೊಡೆ ಹಿಡಿದು ಏರಿಯ ಮೇಲೆ ನಿಂತು ನೋಡುತ್ತಿದ್ದಂತೆ ಮೇಲಿನ ಬಡಾವಣೆಯ ರಸ್ತೆಯಿಂದ ಕೆಂಪು ನೀರು ಎರಡು ಚರಂಡಿಗಳಲ್ಲಿ ತುಂಬಿ ಬಂದು ಬೀಳತೊಡಗಿತು. ಐದೂಕಾಲರ ಹೊತ್ತಿಗೆ ಒಂದು ಮೆಟ್ಟಿಲೂ ಉಳಿದಿರಲಿಲ್ಲ. ಪೈಪುಗಳ ಬಾಯಿಗೆ ತೆಂಗಿನ ಗರಿಯೊಂದು ಅಡ್ಡ ಸಿಕ್ಕಿ, ಅದಕ್ಕೆ ನೀರಿನ ಬಾಟಲಿ, ಹಾಲಿನ ಪ್ಯಾಕೆಟ್ಟು, ಹರಿದ ತಾಡಪತ್ರೆಯ ತುಂಡು ಒತ್ತಿಕೊಂಡು ಬುಟ್ಟಿ ಹೆಣೆದಂತಾಗಿತ್ತು. ಇಬ್ಬರು ಹುಡುಗರು ದೋಟಿ ತಂದು ಅದನ್ನು ಬಿಡಿಸಲು ಹೆಣಗಿದರು, ಆಗಲಿಲ್ಲ. ಏರಿಯ ತಗ್ಗಾದ ಜಾಗದಲ್ಲಿ ನೀರು ಉಕ್ಕಿ ನಮ್ಮ ಕೇರಿಗೆ ಇಳಿಯಿತು. ಪಕ್ಕದ ಮನೆಯ ಅಕ್ಕ ತಮ್ಮ ಕಿರಾಣಿ ಅಂಗಡಿಯಲ್ಲಿ ಅಕ್ಕಿ ಚೀಲಗಳನ್ನು ಹಲಗೆಯ ಮೇಲೆ ಎತ್ತಿಡುತ್ತ, “ತಮಾ, ಇದಕ್ಕಿಂತ ದೊಡ್ಡ ಮಳೆ ನೋಡಿದ್ದಿ, ಕೆರೆ ನೀರು ಒಳಗೆ ಬಂದಿದ್ದು ಇದೇ ಮೊದಲು” ಎಂದರು. ಕೆಳಸಾಲಿನ ಆರು ಚೀಲ ಅಕ್ಕಿ ನೆನೆದು ಹೋಯಿತು. ಅವರ ಮಾತು ನೂರಕ್ಕೆ ನೂರು ನಿಜ. ಇದಕ್ಕಿಂತ ದೊಡ್ಡ ಮಳೆಗಳನ್ನು ಈ ಕೆರೆ ಹಿಂದೆ ತಾಳಿಕೊಂಡಿತ್ತು.

ಹಿಂದೆ ತಾಳಿಕೊಂಡದ್ದು ಈಗ ಏಕೆ ಸಾಧ್ಯವಾಗುತ್ತಿಲ್ಲ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಎರಡು ಎಕರೆ ವಿಸ್ತಾರದ ಒಂದು ಕೆರೆ, ಅದರ ಮೇಲ್ಭಾಗದಲ್ಲಿ ನೂರು ಎಕರೆ ಜಲಾನಯನ, ಅಂದರೆ ಮಳೆನೀರು ಕೆರೆಗೆ ಹರಿದುಬರುವ ನೆಲ, ಎಂದಿಟ್ಟುಕೊಳ್ಳೋಣ. ಒಂದು ಗಂಟೆಯಲ್ಲಿ 60 ಮಿಲಿಮೀಟರ್ ಮಳೆ ಬಂದರೆ ಆ ನೂರು ಎಕರೆಯ ಮೇಲೆ ಬೀಳುವ ನೀರು ಸುಮಾರು 24,000 ಘನ ಮೀಟರ್. ಮೇಲ್ಭಾಗದಲ್ಲಿ ಸೊಪ್ಪಿನ ಬೆಟ್ಟ, ತೋಟ, ಹುಲ್ಲಿನ ಬ್ಯಾಣಗಳಿದ್ದ ಕಾಲದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಮುಚ್ಚಿದ ನೆಲ ಹೆಚ್ಚಿನ ಪಾಲನ್ನು ಹೀರಿಕೊಂಡು, ಕಾಲು ಭಾಗದಷ್ಟನ್ನು, ಅಂದರೆ 6,000 ಘನ ಮೀಟರನ್ನು, ಅದೂ ಕೆಲವು ಗಂಟೆ ತಡವಾಗಿ ಕೆರೆಗೆ ಕಳಿಸುತ್ತಿತ್ತು. ಅದೇ ಜಾಗ ಸೈಟುಗಳಾಗಿ, ಮನೆಗಳಾಗಿ, ಅಂಗಳಕ್ಕೆ ಇಂಟರ್‌ಲಾಕ್ ಬಂದು, ಚರಂಡಿಗಳಿಗೆ ಕಾಂಕ್ರೀಟ್ ಬಂದ ಮೇಲೆ ನೂರಕ್ಕೆ ಅರವತ್ತು ಪಾಲು ಓಡಿ ಬರುತ್ತದೆಂದು ಹಿಡಿದರೆ ಕೆರೆಗೆ ಬರುವುದು 14,400 ಘನ ಮೀಟರ್; ಅದು ಬಂದು ಮುಟ್ಟುವುದು ಮಳೆ ನಿಲ್ಲುವುದರೊಳಗೆ. ಸಾವಿರ ಚದರಡಿಯ ಒಂದೇ ಚಾವಣಿಯಿಂದ ಇಂತಹ ಮಳೆಯಲ್ಲಿ ಐದೂವರೆ ಸಾವಿರ ಲೀಟರ್ ನೀರು ಚರಂಡಿಗೆ ಇಳಿಯುತ್ತದೆ. ಕೆರೆ ಮಾತ್ರ ಅದೇ ಎರಡು ಎಕರೆ. ಕೋಡಿ ಅಷ್ಟೇ ಇದ್ದರೆ ನಮ್ಮ ಪುಣ್ಯ. ನಮ್ಮ ಕೆರೆಯಲ್ಲಾದಂತೆ ಕಿರಿದಾಗಿರುವುದೇ ಹೆಚ್ಚು.

ಮಳೆಯೂ ಮೊದಲಿನಂತಿಲ್ಲ. ಶಿರಸಿಗೆ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಎಂಬ ಸರಾಸರಿಯನ್ನು ಎಸ್ಟಿಮೇಟುಗಳ ಮೊದಲ ಪುಟದಲ್ಲಿ ಬರೆಯುವುದು ರೂಢಿ. ಆದರೆ ಕೆರೆಯ ಕೋಡಿಗೂ ಚರಂಡಿಯ ಅಗಲಕ್ಕೂ ವರ್ಷದ ಸರಾಸರಿಯಿಂದ ಉಪಯೋಗವಿಲ್ಲ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ಎಷ್ಟು ಸುರಿಯಿತು ಎಂಬುದೇ ಅವುಗಳನ್ನು ನಿರ್ಧರಿಸಬೇಕು. ಗಾಳಿಯ ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ತೇವಾಂಶ ಶೇಕಡಾ 7ರಷ್ಟು ಹೆಚ್ಚುತ್ತದೆ. ಅರಬ್ಬೀ ಸಮುದ್ರ ಬೆಚ್ಚಗಾಗುತ್ತಿದೆ. ಆ ಸಮುದ್ರದ ಗಾಳಿ ಮೊದಲು ಬಂದು ಬಡಿಯುವುದೇ ನಮ್ಮ ಘಟ್ಟಕ್ಕೆ. ಮಧ್ಯಭಾರತದಲ್ಲಿ 1950ರಿಂದ 2015ರವರೆಗಿನ ಅವಧಿಯಲ್ಲಿ ವ್ಯಾಪಕ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆ ಎಂದು ಭಾರತೀಯ ಹವಾಮಾನ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ್ದಾರೆ. ನಮ್ಮಲ್ಲಿ ಹಿರಿಯರು ಹೇಳುವ ಜಡಿಮಳೆ, ದಿನವಿಡೀ ಒಂದೇ ಹದದಲ್ಲಿ ಸುರಿದು ನೆಲಕ್ಕೆ ಇಳಿಯುತ್ತಿದ್ದ ಆ ಮಳೆ, ನಡುನಡುವೆ ಬಿಡುವು ಕೊಟ್ಟು ಒಮ್ಮೆಲೇ ಹೊಯ್ಯುವ ಮಳೆಗೆ ಜಾಗ ಬಿಟ್ಟುಕೊಡುತ್ತಿರುವುದನ್ನು ತೋಟವಿರುವ ಪ್ರತಿಯೊಬ್ಬರೂ ಅಡಿಕೆಯ ಕೊಳೆರೋಗಕ್ಕೆ ಔಷಧ ಹೊಡೆಯುವ ದಿನ ಹುಡುಕುವಾಗ ಗಮನಿಸಿದ್ದಾರೆ. 2023ರಲ್ಲಿ ಮುಂಗಾರು ತಡವಾಗಿ ರಾಜ್ಯವೇ ಬರಕ್ಕೆ ಸಿಲುಕಿತು. ಮರುವರ್ಷ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಈ ಎರಡು ಅತಿಗಳ ನಡುವೆ ಊರು ಬದುಕಬೇಕಾದರೆ ಕೆರೆಗಳು ಎರಡಕ್ಕೂ ಸಿದ್ಧವಿರಬೇಕು.

ಹಾಗಾದರೆ ಇರುವ ಕೆರೆಯಲ್ಲೇ ಏನು ಬದಲಾಯಿಸಬಹುದು? ಮೇಲಿನ ಲೆಕ್ಕದಲ್ಲಿ ಹೆಚ್ಚುವರಿಯಾಗಿ ಬಂದ ನೀರು 8,400 ಘನ ಮೀಟರ್. ಎರಡು ಎಕರೆಯ ಕೆರೆಯಲ್ಲಿ ನೀರಿನ ಮಟ್ಟವನ್ನು ಕೋಡಿಗಿಂತ ಒಂದು ಮೀಟರ್ ಕೆಳಗೆ ಇಟ್ಟುಕೊಂಡರೆ ದೊರೆಯುವ ಖಾಲಿ ಜಾಗ ಸುಮಾರು 8,000 ಘನ ಮೀಟರ್. ಅಂದರೆ ಬಡಾವಣೆಗಳು ಸೇರಿಸಿದ ನೀರನ್ನು ಬಹುಪಾಲು ಆ ಒಂದು ಮೀಟರ್ ತಡೆದುಕೊಳ್ಳುತ್ತದೆ. ಹೊಸ ಜಾಗ ಖರೀದಿಸಬೇಕಾಗಿಲ್ಲ, ಯಾರ ಮನೆಯನ್ನೂ ಕೆಡವಬೇಕಾಗಿಲ್ಲ. ಬೇಕಾದುದು ಕೋಡಿಗಿಂತ ಕೆಳಗೆ ಇನ್ನೊಂದು ಸಣ್ಣ ದಾರಿ. ಹಳೆಯ ಕೆರೆಗಳಿಗೆ ತೂಬು ಇದ್ದೇ ಇತ್ತು. ಗದ್ದೆಗೆ ನೀರು ಬಿಡುವ ಅಗತ್ಯ ಹೋದ ಮೇಲೆ ಅದು ಹೂಳಿನಲ್ಲಿ ಮುಚ್ಚಿತು ಅಥವಾ ದಂಡೆಯ ಹೊಸ ಗೋಡೆಯೊಳಗೆ ಸೇರಿಹೋಯಿತು. ಆ ತೂಬನ್ನೇ ಬಿಡಿಸಿ, ಗೇಟ್ ವಾಲ್ವ್ ಇರುವ ಪೈಪು ಕೂರಿಸಬಹುದು. ಒಂಬತ್ತು ಇಂಚಿನ ಪೈಪಾದರೆ ಆ 8,000 ಘನ ಮೀಟರ್ ನೀರು ಹೆಚ್ಚು ಕಡಿಮೆ ಒಂದು ದಿನದಲ್ಲಿ, ಹನ್ನೆರಡು ಇಂಚಿನದಾದರೆ ಅರ್ಧ ದಿನದಲ್ಲಿ, ಕೆಳಗಿನ ಹಳ್ಳಕ್ಕೆ ಹೊರೆಯಾಗದಂತೆ ಸಾವಕಾಶವಾಗಿ ಇಳಿದುಹೋಗುತ್ತದೆ. ಹವಾಮಾನ ಇಲಾಖೆ ಆರೆಂಜ್ ಅಲರ್ಟ್ ಕೊಡುವುದು ಸಾಮಾನ್ಯವಾಗಿ ಒಂದು ದಿನ ಮೊದಲೇ. ಕುಡಿಯುವ ನೀರಿನ ಪೈಪುಗಳಿಗೆ ವಾಲ್ವ್ ತಿರುಗಿಸುವ ಸಿಬ್ಬಂದಿ ಪ್ರತಿ ಪಟ್ಟಣದಲ್ಲೂ ಇದ್ದಾರೆ. ಅಲರ್ಟ್ ಬಂದ ಸಂಜೆ ಕೆರೆಯ ವಾಲ್ವ್ ತೆರೆಯುವುದನ್ನು ಅವರ ಕೆಲಸಕ್ಕೆ ಲಿಖಿತವಾಗಿ ಸೇರಿಸಿದರೆ ಸಾಕು. ಬಯಲುಸೀಮೆಯ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ. ನಮ್ಮ ಪಟ್ಟಣದ ಕೆರೆಗಳಿಗೆ ಇಂದು ಅಂತಹ ಹೊಣೆಗಾರರು ಯಾರೆಂದು ಕೇಳಿದರೆ ಹೇಳುವವರಿಲ್ಲ.

ಕೋಡಿಯನ್ನು ಅಗಲ ಮಾಡುವುದೂ ಬೇಕು, ಪೈಪು ತೆಗೆದು ಹಾದಿಗೆ ಸಣ್ಣ ಕಾಲುಸಂಕ ಹಾಕಿದರೆ ಅದು ಆಗುತ್ತದೆ. ಆದರೆ ಕೋಡಿಯನ್ನಷ್ಟೇ ಅಗಲಿಸಿ ಕೈ ತೊಳೆದುಕೊಂಡರೆ ಇಂದು ನಮ್ಮ ಕೇರಿಗೆ ಬಂದ ನೀರು ನಾಳೆ ಹಳ್ಳದ ಕೆಳಗಿನವರ ಮನೆಗೆ ಹೋಗುತ್ತದೆ. ಒಂದರ ಕೆಳಗೊಂದು ಕೆರೆಗಳಿರುವಲ್ಲಿ ಕೆಳಗಿನದನ್ನು ಮೊದಲು ತಗ್ಗಿಸಿ ಆಮೇಲೆ ಮೇಲಿನದನ್ನು ತೆರೆಯಬೇಕೆಂಬ ಕ್ರಮವೂ ಮುಖ್ಯ.

ಅಮೆರಿಕದಲ್ಲಿ 1970–80ರ ದಶಕಗಳಲ್ಲಿ ಬಡಾವಣೆಗಳಿಗೆಂದು ಕಟ್ಟಿದ ಮಳೆನೀರು ಹೊಂಡಗಳಲ್ಲಿ ಇದಕ್ಕೆ ಹತ್ತಿರದ ತೊಂದರೆ ಕಂಡುಬಂದಿತ್ತು. ಹಲವು ಹೊಂಡಗಳನ್ನು ಅಪರೂಪದ ದೊಡ್ಡ ಮಳೆಯೊಂದನ್ನೇ ಮನಸ್ಸಿನಲ್ಲಿಟ್ಟು ಕಟ್ಟಿದ್ದರಿಂದ, ವರ್ಷವಿಡೀ ಬರುವ ಸಣ್ಣ ಮಳೆಗಳ ನೀರು ದೊಡ್ಡ ಪೈಪಿನಲ್ಲಿ ತಡೆಯಿಲ್ಲದೆ ಹಾದುಹೋಗಿ ಕೆಳಗಿನ ತೊರೆಗಳ ದಂಡೆ ಕೊರೆದುಹೋಗುತ್ತಿತ್ತು. ಹೊಸ ಹೊಂಡ ತೋಡುವ ಬದಲು ಅಲ್ಲಿನವರು ಹೊರದಾರಿಯನ್ನೇ ಬದಲಿಸುತ್ತ ಬಂದಿದ್ದಾರೆ: ಕೆಳಗೆ ಸಣ್ಣ ರಂಧ್ರ, ಅದರ ಮೇಲೆ ದೊಡ್ಡದು, ಎಲ್ಲಕ್ಕಿಂತ ಮೇಲೆ ತುರ್ತು ಕೋಡಿ. ಹೀಗೆ ಮಟ್ಟಕ್ಕೊಂದು ದಾರಿ ಇದ್ದರೆ ಸಣ್ಣ ಮಳೆ, ದೊಡ್ಡ ಮಳೆ ಎರಡೂ ನಿಧಾನವಾಗುತ್ತವೆ. ಈ ಕ್ರಮ ನಮ್ಮ ಕೆರೆಗಳಿಗೂ ಒಪ್ಪುತ್ತದೆ.

ನೀರು ಒಳಬರುವ ಬಾಯಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ನಮ್ಮ ಹಣವೆಲ್ಲ ಅಲ್ಲಿಯೇ ಮುಳುಗುತ್ತಿದೆ. ನಮ್ಮ ಕೆರೆಗಳ ಹೂಳು ಬಹುಮಟ್ಟಿಗೆ ಹೊಸ ಸೈಟುಗಳ ಕೆಂಪು ಮಣ್ಣು. ಬೇಸಿಗೆಯಲ್ಲಿ ಜೆಸಿಬಿ ಕಡಿದು ಗುಡ್ಡೆ ಹಾಕಿದ ಮಣ್ಣು ಮೊದಲ ಎರಡು ಮಳೆಗೆ ಕೆರೆಗೆ ಬಂದು ಕೂರುತ್ತದೆ. ಇಡೀ ಕೆರೆಯ ಹೂಳು ತೆಗೆಯಲು ಲಕ್ಷಾಂತರ ರೂಪಾಯಿ ಸುರಿದು, ನಾಲ್ಕೈದು ವರ್ಷಕ್ಕೆ ಮತ್ತೆ ಅದೇ ಕೆಲಸಕ್ಕೆ ದೇಣಿಗೆ ಕೇಳುವ ಬದಲು, ಚರಂಡಿ ಕೆರೆಗೆ ಸೇರುವಲ್ಲಿ ಒಂದು ಹೂಳುಗುಂಡಿ ಕಟ್ಟಿ, ಅದರ ಹಾಗೂ ಕೆರೆಯ ನಡುವೆ ತಗ್ಗಾದ ಕಲ್ಲುಗಟ್ಟೆ ಇಟ್ಟರೆ, ಮಣ್ಣಿನ ದಪ್ಪ ಪಾಲು ಅಲ್ಲೇ ಇಳಿದು ನಿಲ್ಲುತ್ತದೆ. ಗುಂಡಿಯ ಪಕ್ಕಕ್ಕೆ ಜೆಸಿಬಿ ಬಂದು ನಿಲ್ಲುವಷ್ಟು ಜಾಗ ಇರಲೇಬೇಕು. ಎಷ್ಟೋ ಕಡೆ ಸುತ್ತಲೂ ಗೋಡೆ, ಕಬ್ಬಿಣದ ಬೇಲಿ ಎದ್ದು, ಆಮೇಲೆ ಹೂಳು ತೆಗೆಯಬೇಕೆಂದರೆ ಕಟ್ಟಿದ ದಂಡೆಯನ್ನೇ ಒಡೆಯಬೇಕಾಗುತ್ತದೆ. ಪ್ರತಿ ಮೇ ತಿಂಗಳಲ್ಲಿ ಒಂದೆರಡು ದಿನದ ಕೆಲಸದಲ್ಲಿ ಗುಂಡಿ ಖಾಲಿಯಾಗುತ್ತದೆ. ದಂಡೆಯ ಒಂದು ಬದಿಯನ್ನಾದರೂ ನೆಟ್ಟಗಿನ ಗೋಡೆಯಾಗಿಸದೆ ಇಳಿಜಾರಾಗಿ ಬಿಟ್ಟು ಜೊಂಡು, ಕೇದಿಗೆಗಳನ್ನು ಬೆಳೆಯಗೊಟ್ಟರೆ ರಸ್ತೆಯ ಎಣ್ಣೆ, ಸಣ್ಣ ಕೆಸರು ಅಲ್ಲಿ ಸೋಸಿಹೋಗುತ್ತದೆ. ಮನೆಗಳ ಬಚ್ಚಲು ನೀರು ಚರಂಡಿಗೆ ಸೇರುವಲ್ಲಿ ಮೊದಲು ಅದನ್ನು ಬೇರ್ಪಡಿಸಬೇಕು. ಇಲ್ಲವಾದರೆ ತಗ್ಗಿದ ಕೆರೆಯಲ್ಲಿ ಉಳಿಯುವುದು ಕೊಳಚೆಯೇ.

ಇದು ಶಿರಸಿಯೊಳಗೇ ಮುಗಿಯುವ ವಿಷಯವೂ ಅಲ್ಲ. ಪಟ್ಟಣದ ಶಂಕರಹೊಂಡ ಅಘನಾಶಿನಿಯ ಮೂಲಗಳಲ್ಲಿ ಒಂದು. ಅಲ್ಲಿಂದ ಹೊರಟ ಹಳ್ಳ ಮಂಜುಗುಣಿಯ ಕಡೆಯಿಂದ ಬರುವ ಹೊಳೆಯನ್ನು ಕೂಡಿ, ಉಂಚಳ್ಳಿಯಲ್ಲಿ ಧುಮುಕಿ, ಅಣೆಕಟ್ಟಿಲ್ಲದೆ ಕುಮಟಾದ ಅಳಿವೆಗೆ ಸೇರುತ್ತದೆ. ಆ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎಂದು ಘೋಷಣೆಯಾಯಿತು. ನಮ್ಮ ಬಡಾವಣೆಯ ಮಣ್ಣು ಮತ್ತು ಬಾಟಲಿಗಳು ಹೋಗಿ ನಿಲ್ಲುವುದು ಅಲ್ಲಿ ಚಿಪ್ಪೆಕಲ್ಲು ಎಂಬ ಚಿಪ್ಪುಜೀವಿಗಳನ್ನು ಆರಿಸಿ ಬದುಕುವವರ ಪಾಲಿಗೆ.

ನೀರು ಇಂಗಿಸುವವರೂ ಒಂದು ಎಚ್ಚರ ವಹಿಸಬೇಕು. ನಮ್ಮ ಚಿರೆಕಲ್ಲಿನ ಪದರದ ಕೆಳಗೆ ಬಹಳ ಕಡೆ ಶೇಡಿಮಣ್ಣಿದೆ. ನೀರು ಕುಡಿದರೆ ಅದು ಜಾರುತ್ತದೆ. ಸಮತಟ್ಟಾದ ಅಂಗಳದಲ್ಲಿ ಇಂಗುಗುಂಡಿ ಒಳ್ಳೆಯದು, ಕಡಿದ ಗುಡ್ಡದ ಧರೆಯ ನೆತ್ತಿಯಲ್ಲಿ ಅದು ಅಪಾಯ. ಹೂಳು ತೆಗೆಯುವ ಉತ್ಸಾಹದಲ್ಲಿ ಏರಿಯ ಬುಡದವರೆಗೆ ಆಳವಾಗಿ ಕಡಿಯುವುದೂ ಅಷ್ಟೇ ಅಪಾಯ.

ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಊರಿನಲ್ಲಿ ಮಳೆಗಾಲದ ನೀರನ್ನು ಹರಿಯಬಿಡಬೇಕೇ ಎಂದು ಓದುಗರು ಕೇಳುವುದು ಸಹಜ. ನನ್ನ ಮನೆಯಲ್ಲೇ ಈ ಪ್ರಶ್ನೆ ಬಂದಿದೆ. ತಗ್ಗಿಸಿಟ್ಟ ಆ ಒಂದು ಮೀಟರನ್ನು ಮತ್ತೆ ತುಂಬಿಸಲು, ಈಗಿನ ಜಲಾನಯನದಲ್ಲಿ, 35 ಮಿಲಿಮೀಟರಿನಷ್ಟು ಒಂದು ಮಳೆ ಸಾಕು. ಸೆಪ್ಟೆಂಬರಿನ ಉತ್ತರೆ, ಅದರ ಮುಂದಿನ ಹಸ್ತಾ ಮಳೆಗಳ ಹೊತ್ತಿಗೆ ವಾಲ್ವ್ ಮುಚ್ಚಿದರೆ ಕೆರೆ ಬೇಸಿಗೆಗೆ ತುಂಬಿಯೇ ಇರುತ್ತದೆ, ಅದೂ ಮೊದಲ ಮಳೆಯ ಕೆಸರು ನೀರಿನ ಬದಲು ಹಿಂಗಾರಿನ ತಿಳಿ ನೀರಿನಿಂದ. ಆದರೆ ಪಂಚಾಂಗ ನೋಡಿ ಮುಚ್ಚಿ ಮರೆಯುವಂತಿಲ್ಲ. ಕಾರವಾರದ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಪ್ರಾಣ ಕಳೆದುಕೊಂಡದ್ದು ಮಳೆಗಾಲ ಮುಗಿಯಿತೆಂದು ಎಲ್ಲರೂ ನಂಬಿದ್ದ 2009ರ ಅಕ್ಟೋಬರ್ 2ರಂದು. ಮುಚ್ಚಿದ ಮೇಲೂ ಮುನ್ಸೂಚನೆ ನೋಡಿ ತೆರೆಯುವ ವ್ಯವಸ್ಥೆ ಇರಲೇಬೇಕು.

ಕರಾವಳಿಯ ಪಟ್ಟಣಗಳಿಗೆ ಇದೇ ಮಾತು ಇನ್ನೊಂದು ಬಗೆಯಲ್ಲಿ ಅನ್ವಯಿಸುತ್ತದೆ. ಕಾರವಾರದಂತಹ ಕಡೆ ಉಬ್ಬರದ ಹೊತ್ತಿಗೆ ಮಳೆ ಜೋರಾದರೆ ನಾಲೆಯ ಬಾಯಿಗೆ ಸಮುದ್ರವೇ ಅಡ್ಡ ನಿಲ್ಲುತ್ತದೆ. ಇಳಿತ ಬರುವವರೆಗಿನ ಸುಮಾರು ಆರು ಗಂಟೆ ನೀರನ್ನು ಊರೊಳಗೆ ಎಲ್ಲಾದರೂ ನಿಲ್ಲಿಸಿಕೊಳ್ಳಲೇಬೇಕು. ಇದನ್ನು ನಮ್ಮವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಅಘನಾಶಿನಿ ಅಳಿವೆಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವ ರೈತರು ಮರದ ಹಲಗೆಯ ಬಾಗಿಲುಗಳಿಂದ ಉಬ್ಬರವನ್ನು ತಡೆದು, ಇಳಿತದಲ್ಲಿ ಒಳಗಿನ ನೀರನ್ನು ಹೊರಬಿಡುವ ವಿದ್ಯೆಯನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ಪಟ್ಟಣದ ನಾಲೆಗಳ ಬಾಯಿಗೆ ಅಂತಹ ಬಾಗಿಲು, ಒಳಗೆ ಒಂದು ಹೊಂಡ ಇರಬೇಕೆಂಬುದನ್ನು ಎಂಜಿನಿಯರುಗಳು ಅವರನ್ನು ಕೇಳಿಯೇ ರೂಪಿಸಬಹುದು.

ಹಣಕ್ಕೆ ದಾರಿಯಿಲ್ಲವೆಂದೂ ಹೇಳುವಂತಿಲ್ಲ. 2021ರಲ್ಲಿ ಆರಂಭವಾದ ಅಮೃತ್ 2.0 ಯೋಜನೆಯಲ್ಲಿ ಜಲಮೂಲಗಳ ಪುನಶ್ಚೇತನಕ್ಕೆ ಅವಕಾಶವಿದೆ. ಮಳೆನೀರು ಚರಂಡಿಗಳಿಗೆಂದೇ ಕೇಂದ್ರ ಸರ್ಕಾರ 2019ರಲ್ಲಿ ಪ್ರತ್ಯೇಕ ಕೈಪಿಡಿ ಹೊರತಂದಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಮಳೆಯ ಅಳತೆ ಕಳಿಸುತ್ತವೆ. ಕೋಡಿಯ ಅಗಲ ನಿರ್ಧರಿಸಲು ಬೇಕಾದ ಅಂಕಿಗಳು ಅಲ್ಲಿವೆ; ಅವನ್ನು ಬಿಟ್ಟು ವಾರ್ಷಿಕ ಸರಾಸರಿಯನ್ನೇ ಮತ್ತೆ ಮತ್ತೆ ನಕಲು ಮಾಡುವುದು ನಿಲ್ಲಬೇಕು.

ಆದ್ದರಿಂದ ಪಟ್ಟಣದ ಯಾವುದೇ ಕೆರೆಗೆ ಇನ್ನು ಮುಂದೆ ಟೆಂಡರ್ ಕರೆಯುವ ಮೊದಲು ಅದರ ಜಲಾನಯನದಲ್ಲಿ ಈಗ ಎಷ್ಟು ಭಾಗ ಕಟ್ಟಡ, ಎಷ್ಟು ಭಾಗ ನೆಲ ಎಂಬ ಸಮೀಕ್ಷೆ, ಕೋಡಿಯ ಸಾಮರ್ಥ್ಯದ ಲೆಕ್ಕ, ಕೆಳಮಟ್ಟದ ತೂಬು ಮತ್ತು ಹೂಳುಗುಂಡಿಯ ನಕ್ಷೆ, ವಾಲ್ವ್ ತೆರೆಯುವ ಹೊಣೆ ಹೊತ್ತವರ ಹುದ್ದೆ, ಇವಿಷ್ಟನ್ನು ಸಾರ್ವಜನಿಕರ ಮುಂದಿಡಬೇಕೆಂದು ಆಡಳಿತವನ್ನು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ದೀಪ, ಬೆಂಚುಗಳ ಕೆಲಸ ಅದಾದ ಮೇಲೆ ನಡೆಯಲಿ. ನಮ್ಮ ಕೆರೆಯಲ್ಲಿ ಪೈಪು ತೆಗೆದು ಹಳೆಯ ಕೋಡಿಯನ್ನು ಬಿಡಿಸುವ ಕೆಲಸವನ್ನು ಬರುವ ಮೇ ತಿಂಗಳೊಳಗೆ ಕೈಗೆತ್ತಿಕೊಂಡರೆ ಅಳತೆ ಹಿಡಿಯಲು, ನಕ್ಷೆ ಬರೆಯಲು ನಾನು ಸಂಬಳವಿಲ್ಲದೆ ಬರುತ್ತೇನೆ. ಹಳೆಯ ಕಲ್ಲುಹಾಸು ಕಾಂಕ್ರೀಟಿನ ಅಡಿಯಲ್ಲಿ ಹಾಗೆಯೇ ಇದೆ. ಅದರ ಮಟ್ಟ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ಎಂಜಿನಿಯರ್, ಶಿರಸಿ